ಗುಂಡಿ ಒತ್ತಿಸುವ ಆಟ, ಬಾಯಿ ಬಿಡಿಸುವ ಆಟ

ಶನಿವಾರ ಸಂಜೆ ಏಳು ಗಂಟೆಗೆ ನಮ್ಮ ಕನ್ನಡ ತರಗತಿ ಶುರುವಾಗುತ್ತದೆ. ಬೆಂಗಳೂರಿನ ಶೆಟ್ಟಿಹಳ್ಳಿಯ ಮನೆಯ ಮಹಡಿ ಕೋಣೆಯಲ್ಲಿ ನಾನು, ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂಬತ್ತು ಮಕ್ಕಳು. ಜಾಲಹಳ್ಳಿಯ ವಾಯುಪಡೆ ವಸತಿಗೃಹದಿಂದ ಒಬ್ಬ ಹುಡುಗ, ಮನೆಮಾತು ಪಂಜಾಬಿ. ಅಬ್ಬಿಗೆರೆಯ ಅಪಾರ್ಟ್‌ಮೆಂಟಿನಿಂದ ಒಡಿಯಾ ಮಾತಾಡುವ ಅಕ್ಕ ತಮ್ಮ. ಇನ್ನು ಕೆಲವರು ದುಬೈಯಲ್ಲಿರುವ ಕನ್ನಡದ ಮನೆಗಳವರು, ಅವರಿಗಾಗ ಐದೂವರೆ. ಡಾಲಸ್‌ನ ಹುಡುಗಿಗೆ ಬೆಳಗಿನ ಎಂಟೂವರೆ. ತಿಂಡಿಯ ಬಟ್ಟಲು ಹಿಡಿದೇ ಬಂದು ಕೂರುತ್ತಾಳೆ.

ಕಳೆದ ಜೂನ್‌ನ ಒಂದು ಶನಿವಾರ ಊಟ ತಿಂಡಿಯ ಪದಗಳ ಮೇಲೆ ಕ್ವಿಜ್ ಆಡಿಸಿದೆ. ಚಿತ್ರ ಬರುತ್ತದೆ, ಕೆಳಗೆ ನಾಲ್ಕು ಪದ, ಸರಿಯಾದದ್ದನ್ನು ಬೇಗ ಒತ್ತಿದವರಿಗೆ ಹೆಚ್ಚು ಅಂಕ. ಅನ್ನ, ಸಾರು, ಪಲ್ಯ, ಮಜ್ಜಿಗೆ, ಕೋಸಂಬರಿ. ಡಾಲಸ್‌ನ ಹುಡುಗಿ ಇಪ್ಪತ್ತರಲ್ಲಿ ಹತ್ತೊಂಬತ್ತು ಸರಿ ಮಾಡಿ ಮೊದಲ ಸ್ಥಾನಕ್ಕೆ ಬಂದಳು. ಪರದೆಯ ಮೇಲೆ ಬಣ್ಣದ ಚೂರುಗಳು ಉದುರಿದವು. ಅದೇ ಖುಷಿಯಲ್ಲಿ ಅವಳನ್ನು ಕೇಳಿದೆ: ‘ನಿನ್ನೆ ರಾತ್ರಿ ಊಟಕ್ಕೆ ಏನಿತ್ತು?’ ಹುಡುಗಿ ಸುಮ್ಮನಾದಳು. ಕಣ್ಣು ಪರದೆಯ ಕೆಳಗಿನ ಅಂಚಿಗೆ ಹೋಯಿತು. ಆರಿಸಿಕೊಳ್ಳಲು ಅಲ್ಲಿ ನಾಲ್ಕು ಪದಗಳು ಇರಲಿಲ್ಲ.

ಮುಂದಿನ ವಾರ ಬೇರೆ ಆಟ. ಒಬ್ಬರು ಮನೆಯ ಯಾವುದಾದರೂ ವಸ್ತುವನ್ನು ಕ್ಯಾಮೆರಾಕ್ಕೆ ಕಾಣದಂತೆ ಬೆನ್ನ ಹಿಂದೆ ಹಿಡಿದಿರಬೇಕು. ಉಳಿದವರು ಪ್ರಶ್ನೆ ಕೇಳುತ್ತಾ ಅದೇನೆಂದು ಕಂಡುಹಿಡಿಯಬೇಕು. ‘ತಿನ್ನೋದಾ?’ ‘ಅಡುಗೆಮನೇಲಿ ಇರುತ್ತಾ?’ ಎಂದೆಲ್ಲ ನಡೆಯಿತು. ಸೋಲುವ ಹೊತ್ತಿಗೆ ಡಾಲಸ್‌ನ ಹುಡುಗಿ ತಡೆಯಲಾರದೆ, ‘ಅದಕ್ಕೆ ಬಾಲ ಇದೆಯಾ?’ ಎಂದಳು. ಬೆನ್ನ ಹಿಂದೆ ಇದ್ದದ್ದು ಸೌಟು. ಹಿಡಿದಿದ್ದ ಹುಡುಗ ಹೌದೆನ್ನಲೋ ಇಲ್ಲವೆನ್ನಲೋ ತಿಳಿಯದೆ ನನ್ನ ಮುಖ ನೋಡಿದ. ಸೌಟಿನ ಬಾಲಕ್ಕೆ ‘ಹಿಡಿ’ ಎನ್ನುತ್ತಾರೆ ಎಂದು ಆಮೇಲೆ ಹೇಳಿಕೊಟ್ಟೆ. ಆ ಪದವನ್ನು ಅವಳು ಇವತ್ತಿಗೂ ಮರೆತಿಲ್ಲ.

ಎರಡೂ ಆನ್‌ಲೈನ್ ಆಟಗಳೇ, ಎರಡರಲ್ಲೂ ಮಕ್ಕಳು ಕುರ್ಚಿಯ ತುದಿಗೆ ಬಂದಿದ್ದರು. ಆದರೂ ಒಂದರಿಂದ ಬಾಯಿ ತೆರೆಯಿತು, ಇನ್ನೊಂದರಿಂದ ತೆರೆಯಲಿಲ್ಲ. ಪರದೆಯ ಮೇಲಿನ ಭಾಷಾ ತರಗತಿಗೆ ಆಟ ಬೇಕೇ ಎಂಬ ಚರ್ಚೆಯನ್ನು ಈ ಎರಡು ಶನಿವಾರಗಳ ನಡುವೆ ನಿಂತು ನೋಡಬೇಕೆಂದು ನನಗೆ ಅನ್ನಿಸುತ್ತದೆ. ಮಕ್ಕಳು ಆಟದಲ್ಲಿ ಮುಳುಗಿದರು ಎಂಬಲ್ಲಿಗೇ ನಿಲ್ಲದೆ, ಗೆಲ್ಲಲು ಅವರು ಏನನ್ನು ಹೇಳಬೇಕಾಯಿತು ಎಂದು ಕೇಳಿದಾಗ ಚರ್ಚೆಯ ಬೇರೆ ಬೇರೆ ಪಕ್ಷಗಳು ಸ್ಪಷ್ಟವಾಗಿ ಕಾಣುತ್ತವೆ.

ಆಟ ಪಾಠದೊಳಕ್ಕೆ ಬಂದ ದಾರಿ

ಮಾತಿನ ಆಟ ಕನ್ನಡಕ್ಕೆ ಕಂಪ್ಯೂಟರ್ ತಂದುಕೊಟ್ಟದ್ದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಅಕ್ಷರಗಳನ್ನು ಚಮತ್ಕಾರವಾಗಿ ಜೋಡಿಸುವ ಚಿತ್ರಕವಿತೆಗಳ ಲಕ್ಷಣ ಹೇಳುತ್ತದೆ. ಹಳ್ಳಿಯ ಜಗಲಿಯಲ್ಲಿ ಒಗಟು, ಮದುವೆಮನೆಯಲ್ಲಿ ಗಂಡನ ಹೆಸರು ಹೇಳಿಸುವ ಒಡಪು, ಬಸ್ಸಿನಲ್ಲಿ ಅಂತ್ಯಾಕ್ಷರಿ, ತರೀಕೆರೆ ಏರಿಯ ಕುರಿಮರಿಗಳ ಮೇಲೆ ನಾಲಿಗೆ ತೊಡರುವ ಪಂದ್ಯ. ಮಕ್ಕಳ ‘ಕ ಭಾಷೆ’ಯಂತೂ ಭಾಷಾವಿಜ್ಞಾನದ ಪಾಠವೇ ಸರಿ: ಪ್ರತಿ ಅಕ್ಷರದ ಮುಂದೆ ಒಂದು ‘ಕ’ ಸೇರಿಸಿ ‘ನಾನು’ ಎಂಬುದನ್ನು ‘ಕನಾಕನು’ ಮಾಡುವ ಗುಟ್ಟಿನ ಮಾತು. ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಲು ಬಾರದ ಮಗು ಈ ಆಟ ಆಡಲಾರದು. ಈ ಮಾತಿಗೆ ಮುಂದೆ ಮರಳಿ ಬರುತ್ತೇನೆ.

ಶಾಲೆಯ ಒಳಗೆ ಆಟಕ್ಕೆ ಅಧಿಕೃತ ಸ್ಥಾನ ಸಿಕ್ಕಿದ್ದು ನಲಿ-ಕಲಿಯಿಂದ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ, ಆಂಧ್ರದ ರಿಷಿ ವ್ಯಾಲಿ ಮಾದರಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ ಅದು ಶುರುವಾಯಿತು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆ ಹಬ್ಬಿತು. ಗೋಡೆಯ ಮೇಲೆ ಕಲಿಕಾ ಏಣಿ, ಅದರಲ್ಲಿ ಪುಟ್ಟ ಪುಟ್ಟ ಮೆಟ್ಟಿಲು, ಒಂದೊಂದಕ್ಕೂ ಒಂದು ಚಿಹ್ನೆ, ಚಿಹ್ನೆಗೆ ತಕ್ಕ ಕಾರ್ಡು. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ತಾನೇ ನೋಡಿಕೊಂಡು ಕಾರ್ಡು ತೆಗೆದುಕೊಳ್ಳುತ್ತದೆ, ತನ್ನ ವೇಗದಲ್ಲಿ ಹತ್ತುತ್ತದೆ. ಇಂದಿನ ಮೊಬೈಲ್ ಆಟಗಳಲ್ಲಿ ‘ಲೆವೆಲ್’ ಎನ್ನುವುದು ಇದನ್ನೇ. ದೊಡ್ಡ ವ್ಯತ್ಯಾಸ ಒಂದೇ: ಆ ಏಣಿಯ ಮೇಲೆ ಯಾರು ಮೊದಲು, ಯಾರು ಕೊನೆ ಎಂಬ ಪಟ್ಟಿ ಇರಲಿಲ್ಲ.

ಇನ್ನೊಂದು ಎಳೆಯೂ ಇಲ್ಲಿಯದೇ, ಆದರೆ ನಮಗೇ ಮರೆತುಹೋಗಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್ ಜೊತೆಗೂಡಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಪಾಠವನ್ನೇ ಕೈಬಿಟ್ಟು, ರೈಲ್ವೆ ವೇಳಾಪಟ್ಟಿ, ನಕ್ಷೆ, ಕ್ಯಾಲೆಂಡರ್ ಕೊಟ್ಟು ಒಗಟಿನಂಥ ಲೆಕ್ಕ ಬಿಡಿಸಲು ಹಚ್ಚಿದರು. ಅರ್ಥದ ಕಡೆ ಗಮನ ನೆಟ್ಟಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಭಾಷಾ ಬೋಧನೆಯ ಪುಸ್ತಕಗಳಲ್ಲಿ ಅದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ದಾಖಲಾಗಿದೆ. ಟಾಸ್ಕ್ ಮೂಲಕ ಭಾಷೆ ಕಲಿಸುವ ಜಗತ್ತಿನ ಚರ್ಚೆಗಳೆಲ್ಲ ಇವತ್ತಿಗೂ ಇದನ್ನು ದಾಟಿಯೇ ಹೋಗಬೇಕು.

ಯಂತ್ರದ ಕಥೆ ಚಿಕ್ಕದು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಪ್ಲೇಟೊ ಕಂಪ್ಯೂಟರಿನಲ್ಲಿ ಮುಂದೆ ಭಾಷಾ ಪಾಠಗಳೂ ಹಲವರು ಕೂಡಿ ಆಡುವ ಆಟಗಳೂ ಬಂದವು. 2012ರಲ್ಲಿ ಭಾಷೆ ಕಲಿಸುವ ಡ್ಯುಯೊಲಿಂಗೊ ಸಾರ್ವಜನಿಕರಿಗೆ ತೆರೆಯಿತು. 2013ರಲ್ಲಿ ನಾರ್ವೆಯ ವಿಶ್ವವಿದ್ಯಾಲಯವೊಂದರ ಸಂಶೋಧನೆಯಿಂದ ಕ್ವಿಜ್ ಆಡಿಸುವ ಕಹೂಟ್ ಹುಟ್ಟಿತು. 2015ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕ್ವಿಜಿಜ್ ಆರಂಭವಾಯಿತು, ಈಗ ಅದರ ಹೆಸರು ವೇಗ್ರೌಂಡ್. ಕಹೂಟ್‌ನಲ್ಲಿ ಎಲ್ಲರೂ ಒಂದೇ ಗಡಿಯಾರಕ್ಕೆ ಓಡಬೇಕು. ಕ್ವಿಜಿಜ್‌ನಲ್ಲಿ ಪ್ರಶ್ನೆ ಮಗುವಿನ ಪರದೆಗೇ ಬರುತ್ತದೆ, ಅದರದೇ ವೇಗಕ್ಕೆ ಬಿಡಲೂಬಹುದು. ಸಣ್ಣದಾಗಿ ಕಾಣುವ ಈ ವ್ಯತ್ಯಾಸ ದೊಡ್ಡದೆಂದು ಮುಂದೆ ಗೊತ್ತಾಗುತ್ತದೆ.

ಇವೆಲ್ಲ ತಮ್ಮ ಪಾಡಿಗೆ ಇದ್ದವು. 2020ರ ಮಾರ್ಚ್‌ನಲ್ಲಿ ಶಾಲೆಯ ಬಾಗಿಲು ಮುಚ್ಚಿ, ಮಕ್ಕಳು ಹೆಸರು ಬರೆದ ಕಪ್ಪು ಚೌಕಗಳಾದಾಗ, ಕ್ಯಾಮೆರಾ ಆರಿಸಿ ಕೂತ ಮಗುವನ್ನು ಎಚ್ಚರಿಸಲು ಟೀಚರ್‌ಗಳು ಸಿಕ್ಕಿದ ಆಟವನ್ನೆಲ್ಲ ಹಿಡಿದರು. ಕರ್ನಾಟಕದಲ್ಲಿ ಚರ್ಚೆ ಕೋರ್ಟಿಗೂ ಹೋಯಿತು. ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡವೆಂದು ಸರ್ಕಾರ ಜೂನ್‌ನಲ್ಲಿ ಆದೇಶ ಹೊರಡಿಸಿತು. ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ಕೇಂದ್ರದ ‘ಪ್ರಜ್ಞಾತಾ’ ಮಾರ್ಗಸೂಚಿ ಬಂದು, ಪೂರ್ವ ಪ್ರಾಥಮಿಕಕ್ಕೆ ದಿನಕ್ಕೆ 30 ನಿಮಿಷ, ಎಂಟನೇ ತರಗತಿವರೆಗೆ 30ರಿಂದ 45 ನಿಮಿಷದ ಎರಡು ಅವಧಿ ಎಂದು ಮಿತಿ ಹಾಕಿತು. ಆ ಅರ್ಧ ಗಂಟೆಯೊಳಗೆ ಏನು ಮಾಡಬೇಕೆಂಬುದನ್ನು ಟೀಚರ್ ತಾನೇ ಕಂಡುಕೊಳ್ಳಬೇಕಾಯಿತು.

ನೆನಪೇ ಮುಖ್ಯ ಎನ್ನುವವರು

ಮೊದಲ ಪಕ್ಷದವರದು ಸರಳ ವಾದ. ಭಾಷೆಗೆ ಪದ ಬೇಕು, ಪದಕ್ಕೆ ನೆನಪು ಬೇಕು, ನೆನಪಿಗೆ ಆವರ್ತನೆ ಬೇಕು. ಆವರ್ತನೆ ಬೇಸರ ತರುತ್ತದೆ, ಆ ಬೇಸರವನ್ನು ಆಟ ಕಳೆಯುತ್ತದೆ. 1885ರಲ್ಲಿ ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಣೆಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಎಷ್ಟು ಬೇಗ ಬರುತ್ತದೆಂದು ಅಳೆದ. 1958ರಲ್ಲಿ ಸ್ಕಿನ್ನರ್, ಪ್ರತಿ ಸರಿಯುತ್ತರಕ್ಕೂ ಕೂಡಲೇ ಮೆಚ್ಚುಗೆ ಕೊಡುವ ಬೋಧನಾ ಯಂತ್ರದ ಪರವಾಗಿ ವಾದಿಸಿದ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳು, ಸರಿ ಹೇಳಿದರೆ ಕೂಡಲೇ ಶಭಾಷ್ ಎನ್ನು. ಈಗಿನ ಭಾಷಾ ಆ್ಯಪ್‌ಗಳ ಹೊಟ್ಟೆಯಲ್ಲಿರುವುದು ಬಹುಪಾಲು ಇಷ್ಟೇ.

ಈ ಪಕ್ಷವನ್ನು ಹಗುರವಾಗಿ ಕಾಣುವಂತಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ನಡೆಸಿದ ಪ್ರಯೋಗದಲ್ಲಿ, ಓದಿದ ಭಾಗವನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿತು. ನೆನಪಿನಿಂದ ಬರೆದು ತಮ್ಮನ್ನು ತಾವು ಪರೀಕ್ಷಿಸಿಕೊಂಡವರೇ ಮುಂದೆ ಹೋದರು. ಕ್ವಿಜ್ ಮಾಡಿಸುವುದು ಇದನ್ನೇ, ನೆನಪನ್ನು ಕೆದಕಿ ಹೊರತೆಗೆಸುವುದನ್ನು. ವರ್ಣಮಾಲೆ, ಸಂಖ್ಯೆ, ತರಕಾರಿ, ಬಂಧುವಾಚಕ ಇವಕ್ಕೆಲ್ಲ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಆದರೆ ನಾಲ್ಕರಲ್ಲಿ ಒಂದನ್ನು ಗುರುತಿಸುವುದು ಬೇರೆ, ಖಾಲಿ ಬಾಯಿಗೆ ಪದ ತಂದುಕೊಳ್ಳುವುದು ಬೇರೆ. ಡಾಲಸ್‌ನ ಹುಡುಗಿ ‘ಪಲ್ಯ’ವನ್ನು ಗುರುತಿಸುತ್ತಿದ್ದಳು, ಅದು ಅವಳ ನಾಲಿಗೆಗೆ ಇನ್ನೂ ಬಂದಿರಲಿಲ್ಲ. ಈ ಪಕ್ಷದ ವಾದ ಆ ಅಂತರದ ಈಚೆ ದಡದಲ್ಲೇ ನಿಂತುಬಿಡುತ್ತದೆ.

ಹೆದರಿಕೆ ಬಿಡಿಸಬೇಕು ಎನ್ನುವವರು

ಎರಡನೆಯವರು ನೆನಪಿಗಿಂತ ಮನಸ್ಸನ್ನು ನೋಡುತ್ತಾರೆ. ಸ್ಟೀಫನ್ ಕ್ರಾಶನ್ 1982ರಲ್ಲಿ ವಿವರಿಸಿದ ಪ್ರಕಾರ, ಆತಂಕ ಮತ್ತು ನಾಚಿಕೆ ಕಲಿಯುವವನ ಒಳಗೆ ಒಂದು ತಡೆ ಕಟ್ಟುತ್ತವೆ. ಅದು ಎತ್ತರವಿದ್ದಷ್ಟೂ ಕಿವಿಗೆ ಬಿದ್ದ ಭಾಷೆ ಒಳಗಿಳಿಯುವುದಿಲ್ಲ. ಆಟ ಆ ತಡೆಯನ್ನು ತಗ್ಗಿಸುತ್ತದೆ.

ಬೆಂಗಳೂರಿನಲ್ಲಿ ದೊಡ್ಡವರಿಗೆ ಕನ್ನಡ ಕಲಿಸಿದವರಿಗೆ ಇದನ್ನು ಪುಸ್ತಕ ನೋಡಿ ತಿಳಿಯಬೇಕಿಲ್ಲ. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಕಲಿಕಾ ಕೇಂದ್ರಗಳಿಗೂ, ವಾಟ್ಸ್‌ಆ್ಯಪ್ ಮೂಲಕ ಪಾಠ ನಡೆಸಿದ ‘ಕನ್ನಡ ಗೊತ್ತಿಲ್ಲ’ದಂಥ ಪ್ರಯತ್ನಗಳಿಗೂ ಬರುವವರಲ್ಲಿ ವರ್ಷಗಟ್ಟಲೆ ಇಲ್ಲೇ ಇದ್ದು, ತಪ್ಪಾದೀತೆಂದು ಒಂದು ವಾಕ್ಯವನ್ನೂ ಆಡದೆ ಉಳಿದವರಿದ್ದಾರೆ. ಪೀಣ್ಯದ ಕಾರ್ಖಾನೆಯೊಂದರ ಮೇಲ್ವಿಚಾರಕರು ನನ್ನಲ್ಲಿ ಮೂರು ತಿಂಗಳು ಕಲಿತರು. ಕಾರ್ಮಿಕರ ಮುಂದೆ ‘ಬಾ’ ಎನ್ನಬೇಕಾದಲ್ಲಿ ‘ಬನ್ನಿ’, ‘ಬನ್ನಿ’ ಎನ್ನಬೇಕಾದಲ್ಲಿ ‘ಬಾ’ ಎಂದು ಒಮ್ಮೆ ನಗೆಪಾಟಲಾದ ಮೇಲೆ ಅವರು ಕನ್ನಡದ ಸಹವಾಸವನ್ನೇ ಬಿಟ್ಟಿದ್ದರಂತೆ. ತರಗತಿಯ ಆಟದಲ್ಲಿ ಅವರು ಇಟ್ಟುಕೊಂಡ ಹೆಸರು ‘ಮಸಾಲೆ ದೋಸೆ’. ಆ ಹೆಸರಿನ ಮರೆಯಲ್ಲಿ ಎಷ್ಟು ತಪ್ಪು ಮಾಡಲೂ ಅವರಿಗೆ ಧೈರ್ಯ ಬಂತು.

ಸಂಶೋಧನೆ ಈ ಮಾತನ್ನು ಒಪ್ಪುತ್ತದೆ, ಪೂರ್ತಿಯಾಗಿ ಅಲ್ಲ. ಕಹೂಟ್ ರೂಪಿಸಿದವರಲ್ಲಿ ಒಬ್ಬರಾದ ಆಲ್ಫ್ ಇಂಗೆ ವಾಂಗ್ ಸಹೋದ್ಯೋಗಿಯೊಡನೆ 2020ರಲ್ಲಿ 93 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಕಲಿಕೆ ಸುಧಾರಿಸಿದ, ಆತಂಕ ಇಳಿದ ಉದಾಹರಣೆಗಳು ಅಲ್ಲಿ ಹಲವು. ಏನೂ ವ್ಯತ್ಯಾಸ ಕಾಣದವೂ ಇವೆ. ವಿದ್ಯಾರ್ಥಿಗಳ ದೂರುಗಳನ್ನೂ ಅವರು ಮುಚ್ಚಿಡಲಿಲ್ಲ: ಕೈಕೊಡುವ ಇಂಟರ್‌ನೆಟ್, ಸಮಯದ ಒತ್ತಡ, ಸೋಲುವ ಭಯ, ಒಮ್ಮೆ ತಪ್ಪಿದರೆ ಮತ್ತೆ ಮೇಲೆ ಬರಲಾಗದ ಬೇಸರ. ಹೆದರಿಕೆ ಬಿಡಿಸಲು ತಂದ ಆಟವೇ ಇನ್ನೊಂದು ಹೆದರಿಕೆಯನ್ನು ಒಳಗೆ ಕರೆತರಬಹುದು.

ಗೆಲ್ಲಲು ಮಾತು ಬೇಕೇ ಬೇಕು ಎನ್ನುವವರು

ನನ್ನ ಒಲವು ಈ ಮೂರನೆಯ ಪಕ್ಷದ ಕಡೆ. ಅದಕ್ಕೆ ಕಾರಣ ಪ್ರಭು ಅವರ ಒಂದು ಸರಳ ವಿಂಗಡಣೆ. ಮಾತು ಹುಟ್ಟುವುದು ಇಬ್ಬರ ನಡುವೆ ಏನೋ ಕೊರತೆ ಇದ್ದಾಗ. ನಿನಗೆ ಗೊತ್ತಿರುವುದು ನನಗೆ ಗೊತ್ತಿಲ್ಲ, ಅದು ಮಾಹಿತಿಯ ಅಂತರ. ಇಬ್ಬರಿಗೂ ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಊಹಿಸಿ ತೆಗೆಯಬೇಕು, ಅದು ತರ್ಕದ ಅಂತರ. ನನಗನ್ನಿಸಿದ್ದು ನಿನಗನ್ನಿಸಿಲ್ಲ, ಅದು ಅಭಿಪ್ರಾಯದ ಅಂತರ. ಅಂತರವಿದ್ದರೆ ಮಾತಾಡಲೇಬೇಕು. ಸೌಟನ್ನು ಬೆನ್ನ ಹಿಂದೆ ಅಡಗಿಸಿದಾಗ ಆದದ್ದು ಇದೇ. 2003ರಲ್ಲಿ ಜೇಮ್ಸ್ ಪಾಲ್ ಗೀ ವಿಡಿಯೊ ಗೇಮ್‌ಗಳ ಬಗ್ಗೆ ಬರೆದ ಪುಸ್ತಕವೂ ಬೇರೆ ದಾರಿಯಿಂದ ಹತ್ತಿರದ ಜಾಗಕ್ಕೇ ಬಂತು: ಒಳ್ಳೆಯ ಆಟದಲ್ಲಿ ಪದದ ಅರ್ಥ ನಿಘಂಟಿನಿಂದ ಬರುವುದಿಲ್ಲ, ಆ ಪದದಿಂದ ಏನು ಮಾಡಿದೆವು ಎಂಬುದರಿಂದ ಬರುತ್ತದೆ.

ಪರದೆಯ ತರಗತಿ ಇದಕ್ಕೆ ಹೇಳಿ ಮಾಡಿಸಿದ್ದು ಎನ್ನುವವನು ನಾನು. ಶಾಲೆಯ ಬೆಂಚಿನಲ್ಲಿ ಪಕ್ಕದವನ ಹಾಳೆ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ. ಅಂತರ ತಾನಾಗಿಯೇ ಇದೆ. ನಮ್ಮ ತರಗತಿಯಲ್ಲಿ ಒಂದು ಮೆಟ್ರೊ ಆಟವಿದೆ. ಒಬ್ಬರ ಹತ್ತಿರ ಹಸಿರು ಮಾರ್ಗದ ಪಟ್ಟಿ: ಯಶವಂತಪುರ, ಗೊರಗುಂಟೆಪಾಳ್ಯ, ಪೀಣ್ಯ, ಪೀಣ್ಯ ಇಂಡಸ್ಟ್ರಿ, ಜಾಲಹಳ್ಳಿ, ದಾಸರಹಳ್ಳಿ, ನಾಗಸಂದ್ರ. ಇನ್ನೊಬ್ಬರ ಹತ್ತಿರ ಶೆಟ್ಟಿಹಳ್ಳಿಯ ಸುತ್ತಲಿನ ರಸ್ತೆಗಳ ಕೈಬರಹದ ನಕ್ಷೆ. ಯಶವಂತಪುರದಲ್ಲಿ ರೈಲು ಇಳಿದ ಅಜ್ಜಿಯನ್ನು ನಮ್ಮ ಮನೆ ಬಾಗಿಲಿಗೆ ಕರೆತರಬೇಕು. ಅರ್ಧ ದಾರಿ ಒಬ್ಬರಿಗೆ ಗೊತ್ತು, ಅರ್ಧ ದಾರಿ ಇನ್ನೊಬ್ಬರಿಗೆ. ‘ಇಲ್ಲ ಇಲ್ಲ, ಅಲ್ಲಿ ಇಳೀಬೇಡಿ ಅಜ್ಜಿ, ಇನ್ನೂ ಒಂದು ಸ್ಟಾಪ್ ಹೋಗಿ’ ಎಂದು ದುಬೈಯ ಹುಡುಗ ಕೂಗಿದಾಗ, ನಿಷೇಧಾರ್ಥಕ, ಬಹುವಚನ, ಸಂಬೋಧನೆ ಮೂರೂ ಒಂದೇ ಉಸಿರಿನಲ್ಲಿ ಬಂದಿದ್ದವು. ಆ ಪಾಠವನ್ನು ನಾನು ಹೇಳಿಕೊಟ್ಟಿರಲಿಲ್ಲ, ಅಜ್ಜಿಗೆ ‘ಇಳೀಬೇಡ’ ಎನ್ನಬಾರದೆಂದು ಅವನ ಮನೆ ಕಲಿಸಿತ್ತು.

ಈ ಪಕ್ಷದ ದೌರ್ಬಲ್ಯ ದೊಡ್ಡದೇ. ಇಬ್ಬಿಬ್ಬರನ್ನು ಆನ್‌ಲೈನ್‌ನ ಬೇರೆ ಕೋಣೆಗೆ ಕಳಿಸಿದ ಕ್ಷಣ ಅವರು ಇಂಗ್ಲಿಷಿಗೆ ಜಾರುತ್ತಾರೆ. ಗೆಲ್ಲುವ ಆತುರದಲ್ಲಿ ಮಗು ಹತ್ತಿರದ ಭಾಷೆಯನ್ನೇ ಹಿಡಿಯುತ್ತದೆ, ಮತ್ತು ಆ ಕೋಣೆಯಲ್ಲಿ ನಾನಿರುವುದಿಲ್ಲ. ವ್ಯಾಕರಣದ ಶುದ್ಧಿಯನ್ನು ಆಟಕ್ಕೆ ಬಿಟ್ಟರೆ ತಪ್ಪೇ ಗಟ್ಟಿಯಾಗಿ ಉಳಿಯುತ್ತದೆ ಎಂಬ ಆಕ್ಷೇಪ ಬೆಂಗಳೂರು ಪ್ರಾಜೆಕ್ಟಿನ ಕಾಲದಿಂದಲೂ ಇದೆ. ಅದಕ್ಕೆ ಪೂರ್ತಿ ಸಮಾಧಾನ ಇನ್ನೂ ಸಿಕ್ಕಿಲ್ಲ.

ಬಹುಮಾನದ ಬಗ್ಗೆ ಎಚ್ಚರಿಸುವವರು

1973ರಲ್ಲಿ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಮಕ್ಕಳವು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ’ ಎಂದು ಮುಂಚೆಯೇ ಹೇಳಿ ಬಿಡಿಸಲು ಹಚ್ಚಿದರು. ಒಂದೆರಡು ವಾರದ ಮೇಲೆ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದರೆ, ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಅವುಗಳ ಜೊತೆ ಕಳೆದರು. 1999ರಲ್ಲಿ ಡೆಸಿ, ಕೋಸ್ಟ್ನರ್ ಮತ್ತು ರಯಾನ್ ಇಂಥ 128 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ, ಕಾದು ಪಡೆಯುವ ಬಹುಮಾನ ಒಳಗಿನ ಆಸೆಯನ್ನು ಕುಗ್ಗಿಸುತ್ತದೆಂಬ ಮಾತು ಗಟ್ಟಿಯಾಯಿತು. 2015ರಲ್ಲಿ ಹೇನಸ್ ಮತ್ತು ಫಾಕ್ಸ್ ಕಾಲೇಜಿನ ಒಂದೇ ಪಾಠವನ್ನು 16 ವಾರ ಎರಡು ತಂಡಗಳಿಗೆ ಕಲಿಸಿ ಹೋಲಿಸಿದರು. ಬಿಲ್ಲೆ ಮತ್ತು ಅಂಕಪಟ್ಟಿ ಇಟ್ಟ ತಂಡದ ಉತ್ಸಾಹ ದಿನಕಳೆದಂತೆ ಇಳಿಯಿತು, ಕೊನೆಯ ಪರೀಕ್ಷೆಯ ಅಂಕವೂ ತಗ್ಗಿತು.

ಅಂಕಪಟ್ಟಿಯ ಆಟವನ್ನು ಪ್ರತಿ ವಾರ ಆಡಿಸುವ ಯಾರೇ ಆದರೂ ಇದರ ಮುಂದೆ ಒಂದು ಕ್ಷಣ ನಿಲ್ಲಬೇಕು. ನಾನು ನಿಂತೆ. ಕಳೆದ ವರ್ಷ ಕ್ರಮಾಂಕದ ಪಟ್ಟಿ ತೋರಿಸುವುದನ್ನು ಬಿಟ್ಟೆ. ಒಡಿಯಾ ಮನೆಯ ತಮ್ಮ ಎರಡು ವಾರ ‘ನಾನು ಎಷ್ಟನೆಯವನು?’ ಎಂದು ಕೇಳಿದ, ಮೂರನೆಯ ವಾರ ಕೇಳಲಿಲ್ಲ.

ಮನೆಯವರ ಆತಂಕ ಬೇರೆ. ‘ಆನ್‌ಲೈನ್ ಗೇಮ್’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ತಾಯಂದಿರ ಮುಖ ಬಾಡುತ್ತದೆ. ಅದು ಸುಮ್ಮನೆ ಹುಟ್ಟಿದ್ದಲ್ಲ. ತಂತ್ರಜ್ಞಾನದ ಮಿತಿಮೀರಿದ ಬಳಕೆಗೆ ಚಿಕಿತ್ಸೆ ಕೊಡುವ ಶಟ್ ಕ್ಲಿನಿಕ್ 2014ರಲ್ಲಿ ಶುರುವಾದದ್ದು ನಮ್ಮದೇ ನಿಮ್ಹಾನ್ಸ್‌ನಲ್ಲಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಕಲಿಕೆಯ ಆಟಗಳನ್ನು ಬೇರೆ ಇಟ್ಟಿದೆ. ಕಾನೂನು ಗೆರೆ ಎಳೆದಿದೆ, ಆದರೆ ಒಂದೇ ಫೋನಿನಲ್ಲಿ ಎರಡೂ ಇರುವ ಮನೆಯಲ್ಲಿ ಆ ಗೆರೆ ಮಗುವಿಗೆ ಕಾಣುವುದು ಕಷ್ಟ.

ಶೆಟ್ಟಿಹಳ್ಳಿಗೆ ಎಷ್ಟು ಅಕ್ಷರ?

ಇಲ್ಲಿಯವರೆಗಿನ ವಾದಗಳನ್ನು ಯಾವ ಭಾಷೆಯ ತರಗತಿಗೂ ಅನ್ವಯಿಸಬಹುದು. ಕನ್ನಡಕ್ಕೆ ಮಾತ್ರ ಇನ್ನೂ ಒಂದು ತೊಡಕಿದೆ, ಅದನ್ನು ಚರ್ಚಿಸುವವರು ಕಡಿಮೆ.

‘ಶೆಟ್ಟಿಹಳ್ಳಿ’ ಎಂಬ ಪದದಲ್ಲಿ ಎಷ್ಟು ಅಕ್ಷರ? ಯಾವ ಮಗುವಾದರೂ ಶೆ, ಟ್ಟಿ, ಹ, ಳ್ಳಿ ಎಂದು ನಾಲ್ಕು ಬೆರಳು ಮಡಿಸುತ್ತದೆ. ಕಂಪ್ಯೂಟರ್ ಎಣಿಸುವುದು ಹನ್ನೊಂದು. ಯೂನಿಕೋಡ್‌ನಲ್ಲಿ ಮೂಲ ವ್ಯಂಜನ ಬೇರೆ, ಎತ್ವ ಬೇರೆ, ಗುಡಿಸು ಬೇರೆ, ಒತ್ತು ಕೊಡುವ ಅರ್ಧಾಕ್ಷರ ಚಿಹ್ನೆ ಬೇರೆ. ಇಂಗ್ಲಿಷಿಗಾಗಿ ಮಾಡಿದ ‘ಅಕ್ಷರ ಕಲಸಿದೆ, ಪದ ಜೋಡಿಸು’ ಆಟಕ್ಕೆ ಕನ್ನಡ ಪದ ಹಾಕಿದರೆ, ಒತ್ತುಗಳು ಕಳಚಿ, ಕೊಂಬು ದೀರ್ಘಗಳು ಆಧಾರವಿಲ್ಲದೆ ಚುಕ್ಕೆಯ ವೃತ್ತದ ಮೇಲೆ ತೇಲುತ್ತವೆ. ಮಕ್ಕಳು ಗಾಬರಿಯಾಗಿ ‘ಇದು ಯಾವ ಅಕ್ಷರ?’ ಎನ್ನುತ್ತಾರೆ. ಅದು ಯಾವ ಅಕ್ಷರವೂ ಅಲ್ಲ. 2021ರಲ್ಲಿ ಬಂದು ಜಗತ್ತೆಲ್ಲ ಆಡಿದ ವರ್ಡಲ್‌ನ ಕನ್ನಡ ರೂಪಗಳನ್ನು ಮಾಡಹೊರಟವರು ಮೊದಲು ಎದುರಿಸಿದ್ದು ಇದನ್ನೇ: ಚೌಕಕ್ಕೆ ‘ಟ’ ಸರಿ, ‘ಟ್ಟಿ’ ತಪ್ಪು ಎಂದಾಗ ಅರ್ಧ ಸರಿಯನ್ನು ಯಾವ ಬಣ್ಣದಲ್ಲಿ ತೋರಿಸುವುದು?

ಇಲ್ಲಿ ‘ಕ ಭಾಷೆ’ ನೆನಪಾಗುತ್ತದೆ. ಜಗಲಿಯಲ್ಲಿ ಆಡುವ ಮಗು ಅಕ್ಷರದ ಅಳತೆಯನ್ನು ಕಿವಿಯಿಂದ ಹಿಡಿದಿದೆ. ಬೆಲೆಬಾಳುವ ಆ್ಯಪ್ ಅದನ್ನು ಹಿಡಿದಿಲ್ಲ. ಹಾಗಾಗಿ ಪರದೆಯ ಮೇಲೆ ನಾನು ಆಡಿಸುವ ಅಕ್ಷರದ ಆಟಗಳಲ್ಲಿ ಅತ್ಯಂತ ಕೆಲಸ ಮಾಡಿದ್ದು ಆ್ಯಪ್ ಬೇಡದ ‘ಕ ಭಾಷೆ’ಯೇ. ಪಂಜಾಬಿ ಮನೆಯ ಹುಡುಗ ‘ನನ್ನ ಹೆಸರು...’ ಎಂದು ಅದರಲ್ಲಿ ಹೇಳಿದ ದಿನವೇ ‘ನ್ನ’ ಒಂದೇ ಅಕ್ಷರ ಎಂದು ಅವನಿಗೆ ಅರ್ಥವಾಯಿತು.

ಲಿಪಿಯ ಆಚೆಗೆ ಮಾತಿನ ತೊಡಕು. ಮಗು ‘ಬರ್ತೀನಿ’ ಎಂದು ಟೈಪ್ ಮಾಡಿದರೆ ಉತ್ತರ ‘ಬರುತ್ತೇನೆ’ ಇಟ್ಟುಕೊಂಡ ಆಟ ಕೆಂಪು ಗುರುತು ಹಾಕುತ್ತದೆ. ಧಾರವಾಡದ ಅಜ್ಜಿಯಿಂದ ಕಲಿತದ್ದು, ಮಂಗಳೂರಿನ ಅಮ್ಮನಿಂದ ಕಲಿತದ್ದು ಎಲ್ಲಕ್ಕೂ ಕೆಂಪೇ. ಮನೆಯವರ ಮಾತನ್ನು ತಪ್ಪೆನ್ನುವ ಆಟ ಹೊರನಾಡಿನ ಮಗುವಿಗೆ ಕನ್ನಡ ಕಲಿಸುತ್ತದೋ, ಅಜ್ಜಿಯ ಕನ್ನಡದ ಬಗ್ಗೆ ನಾಚಿಕೆ ಕಲಿಸುತ್ತದೋ? ಇದು ನನ್ನನ್ನು ತುಂಬ ಕಾಡುವ ಪ್ರಶ್ನೆ.

ಇದಕ್ಕೆಲ್ಲ ಮದ್ದು ಕನ್ನಡಕ್ಕಾಗಿಯೇ ಮಾಡಿದ ಆಟಗಳು. ಆದರೆ ಮಾರುಕಟ್ಟೆ ತನ್ನ ಲೆಕ್ಕ ಹಾಕುತ್ತದೆ. ಡ್ಯುಯೊಲಿಂಗೊದಲ್ಲಿ ಹಿಂದಿ ಪಾಠ 2018ರಲ್ಲೇ ಬಂತು. ಅಲ್ಲಿ ಕನ್ನಡ ಕಲಿಯಬೇಕೆನ್ನುವವರು ವರ್ಷಗಟ್ಟಲೆ ಕಾದರು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಹಂತಹಂತವಾಗಿ ಕಡ್ಡಾಯ ಮಾಡಿದ ಮೇಲೆ ಕಲಿಯುವ ಮಕ್ಕಳ ಸಂಖ್ಯೆ ಏರಿದೆ. ದುಬೈಯ ಕನ್ನಡ ಪಾಠಶಾಲೆ, ಕ್ಯಾಲಿಫೋರ್ನಿಯಾದ ಕನ್ನಡ ಕಲಿ ತರಗತಿಗಳಂಥವು ವಾರಾಂತ್ಯಗಳಲ್ಲಿ ದುಡಿಯುತ್ತಿವೆ. ಬೇಡಿಕೆ ಇಲ್ಲವೆಂದು ಹೇಳುವಂತಿಲ್ಲ. ಆಟ ತಯಾರಿಸುವ ಕೆಲಸ ಮಾತ್ರ ಈಗಲೂ ಬಹುಪಾಲು ಒಬ್ಬೊಬ್ಬ ಟೀಚರ್‌ನ ರಾತ್ರಿ ಹನ್ನೊಂದು ಗಂಟೆಯ ಕೆಲಸ.

ವೇಗ ಯಾರದು?

ಕಹೂಟ್‌ನಂತೆ ವೇಗಕ್ಕೆ ಅಂಕ ಕೊಡುವ ಆಟದಲ್ಲಿ ವೈಫೈ ಇರುವ ಮನೆಯ ಮಗು ಗೆಲ್ಲುತ್ತದೆ. ಪೀಣ್ಯ, ಮಲ್ಲಸಂದ್ರದ ಒಂಟಿ ಕೋಣೆಯ ಮನೆಗಳಲ್ಲಿ ಅಪ್ಪ ಕೆಲಸ ಮುಗಿಸಿ ಬರುವವರೆಗೆ ಫೋನೇ ಇರುವುದಿಲ್ಲ. ಕೋವಿಡ್ ಕಾಲದಲ್ಲಿ ಸರ್ಕಾರ ವಿದ್ಯಾಗಮದ ಮೂಲಕ ಟೀಚರ್‌ಗಳನ್ನು ಮರದಡಿಗೆ, ಗುಡಿಯ ಜಗಲಿಗೆ ಕಳಿಸಿದ್ದೂ, ಚಂದನ ವಾಹಿನಿಯಲ್ಲಿ ಪಾಠ ಬಿತ್ತರಿಸಿದ್ದೂ ಇದನ್ನು ತಿಳಿದಿದ್ದರಿಂದಲೇ. ನಮ್ಮ ತರಗತಿಗೆ ಬರುತ್ತಿದ್ದ ಮಲ್ಲಸಂದ್ರದ ಹುಡುಗಿ ಉತ್ತರ ಗೊತ್ತಿದ್ದೂ ಪ್ರತಿ ಬಾರಿ ಕೊನೆಯವಳಾಗುತ್ತಿದ್ದಳು. ಪರದೆ ತೆರೆದುಕೊಳ್ಳುವ ಹೊತ್ತಿಗೆ ಉಳಿದವರು ಒತ್ತಿ ಆಗಿರುತ್ತಿತ್ತು. ಅದನ್ನು ಗಮನಿಸಲು ನನಗೆ ಆರು ವಾರ ಬೇಕಾಯಿತು. ಆ ಆರು ವಾರ ಅವಳಿಗೆ ತಾನು ದಡ್ಡಿ ಅನ್ನಿಸಿತ್ತು.

ಇನ್ನೂ ಇತ್ಯರ್ಥವಾಗದ್ದು

ಆಟದ ಹೊಸತನ ಎಷ್ಟು ದಿನ ಬಾಳುತ್ತದೆ ಎಂಬುದು ಮೊದಲನೆಯದು. ವಾಂಗ್ ಅವರೇ 2015ರಲ್ಲಿ ಒಂದು ದಿನ ಆಡಿದವರನ್ನೂ ಐದು ತಿಂಗಳು ಆಡಿದವರನ್ನೂ ಹೋಲಿಸಿ, ಸೆಳೆತ ತುಸು ತಗ್ಗಿದರೂ ಬಹುಪಾಲು ಉಳಿದಿದೆ ಎಂದರು. ಮೂರು ವರ್ಷ ಕಲಿಯುವ ಭಾಷೆಗೆ ಐದು ತಿಂಗಳ ಲೆಕ್ಕ ಸಾಲದು.

ಲಿಪಿ ಮೊದಲೋ ಮಾತು ಮೊದಲೋ ಎಂಬ ಹಳೆಯ ಜಗಳ ಪರದೆಯ ಮೇಲೆ ಹೊಸ ರೂಪ ಪಡೆದಿದೆ. ಒತ್ತುವ ಆಟಗಳು ಓದನ್ನು ಮುಂದಿಡುತ್ತವೆ, ಕೇಳುವ ಆಟಗಳು ಮಾತನ್ನು. ಮನೆಯಲ್ಲಿ ಕನ್ನಡ ಕೇಳುವ ದುಬೈಯ ಮಗುವಿಗೂ ಕನ್ನಡವೇ ಕೇಳದ ಪಂಜಾಬಿ ಮನೆಯ ಮಗುವಿಗೂ ಒಂದೇ ಕ್ರಮ ಹೊಂದೀತೆಂದು ನನಗೆ ನಂಬಿಕೆಯಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳ ನಡೆಯನ್ನು ಹಿಂಬಾಲಿಸುವುದನ್ನು ತಡೆಯುತ್ತದೆ. ಮಗು ಎಲ್ಲಿ ತಪ್ಪುತ್ತದೆಂದು ನೆನಪಿಟ್ಟುಕೊಂಡು ಅದನ್ನೇ ಮತ್ತೆ ಕೇಳುವ ಆಟ ಹಿಂಬಾಲಿಸದೆ ಕಲಿಸುವುದು ಹೇಗೆ? ಮನೆಯಿಂದ ಪಾಠ ಹೇಳುವ ನಮ್ಮಂಥವರಿಗೆ ಇದರ ಉತ್ತರ ಯಾರೂ ಬಿಡಿಸಿ ಹೇಳಿಲ್ಲ.

ಎಲ್ಲಕ್ಕಿಂತ ದೊಡ್ಡದು, ಆಟದಲ್ಲಿ ಬಂದ ಮಾತು ಆಟದಾಚೆಗೂ ಬರುತ್ತದೆಯೇ ಎಂಬುದು. ಪಂಜಾಬಿ ಮನೆಯ ಹುಡುಗ ಈಗ ‘ಅಡುಗೆಮನೇಲಿ ಇರುತ್ತಾ?’ ಎಂದು ಚೆನ್ನಾಗಿ ಕೇಳುತ್ತಾನೆ. ಮೊನ್ನೆ ಅವನಮ್ಮ ಫೋನು ಮಾಡಿ, ಗೇಟಿನ ಹೊರಗೆ ಹೂವು ಮಾರುವ ಅಜ್ಜಿಯ ಹತ್ತಿರ ಅವನು ‘ಎಷ್ಟು ಮೊಳ?’ ಎಂದು ಕೇಳಿದನೆಂದರು. ‘ಮೊಳ’ ನನ್ನ ಯಾವ ಆಟದಲ್ಲೂ ಇರಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಅವನ ಅಪ್ಪನಿಗೆ ವರ್ಗ, ಜೋಧಪುರಕ್ಕೋ ತೇಜಪುರಕ್ಕೋ ಇನ್ನೂ ಗೊತ್ತಿಲ್ಲ. ಶನಿವಾರ ಸಂಜೆ ಏಳಕ್ಕೆ ಅಲ್ಲಿಂದಲೂ ಬರುತ್ತೇನೆ ಎಂದಿದ್ದಾನೆ. ಹೂವಿನ ಅಜ್ಜಿ ಇಲ್ಲದ ಊರಿನಲ್ಲಿ, ಬರೀ ಪರದೆಯ ಆಟದ ಆಸರೆಯಲ್ಲಿ ಅವನ ಕನ್ನಡ ಎಷ್ಟು ಉಳಿಯುತ್ತದೆಂದು ಆಗ ನೋಡಬೇಕು.